ಕುಂಕುಮದ ಡಬ್ಬಿಯ ಬೆತ್ತದ ಚೂರು

ನಾನು ಚಿಕ್ಕವಳಿದ್ದಾಗ ಬಹಳ ಒಳ್ಳೆಯ ಹುಡುಗಿಯಾಗಿದ್ದೆ ಎಂದು ನನ್ನ ಮೊಮ್ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವರು ಹೋಂವರ್ಕ್ ಮಾಡದೆ ಕುಳಿತಾಗ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವಾಗ, ನನ್ನನ್ನೇ ಮಾದರಿಯಾಗಿ ತೋರಿಸಿಕೊಂಡಿದ್ದೇನೆ. ಅದು ಸುಳ್ಳು. ಸುಳ್ಳು ಎನ್ನುವುದಕ್ಕೆ ಸಾಕ್ಷಿ ನನ್ನ ಕುಂಕುಮದ ಡಬ್ಬಿಯಲ್ಲೇ ಇದೆ. ಕಿರುಬೆರಳಿನಷ್ಟು ಉದ್ದದ ಒಂದು ಬೆತ್ತದ ಚೂರು.

ಈ ಸಲದ ಆಯುಧ ಪೂಜೆಗೆಂದು ಜರ್ಮನಿಯ ಎರ್ಲಾಂಗೆನ್‌ನ ನಮ್ಮ ಮನೆಯಲ್ಲಿ ದೇವರ ಸಾಮಾನು ತೊಳೆಯುತ್ತಿದ್ದೆವು. ಮೊಮ್ಮಗಳು ಆ ಚೂರನ್ನು ಕಂಡು, ಯಾವುದೋ ಕಸವೆಂದುಕೊಂಡು, ಬಿಯೋಮ್ಯೂಲ್ ಎನ್ನುವ ಹಸಿಕಸದ ಡಬ್ಬಿಗೆ ಹಾಕಿಬಿಟ್ಟಳು. ಈ ಊರಿನಲ್ಲಿ ಬೆಳೆದ ಮಕ್ಕಳಿಗೆ ಕಸ ಬೇರೆ ಮಾಡುವುದನ್ನು ಹೇಳಿಕೊಡಬೇಕಾಗಿಲ್ಲ. ಕಡ್ಡಿ ಎಂದರೆ ತರಕಾರಿ ಸಿಪ್ಪೆಯ ಜೊತೆಗೇ ಹೋಗಬೇಕು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಆಲೂಗಡ್ಡೆ ಸಿಪ್ಪೆ, ಬಸಿದ ಕಾಫಿಪುಡಿ ಎಲ್ಲವನ್ನೂ ಕೆದಕಿ ಅದನ್ನು ಹೊರಗೆ ತೆಗೆದೆ. ಮೊಮ್ಮಗಳು ಕಣ್ಣರಳಿಸಿ ನೋಡುತ್ತಿದ್ದಳು. ಅವಳ ತಮ್ಮ ಮೂಗು ಹಿಡಿದುಕೊಂಡು ನಿಂತಿದ್ದ.

ಅದೇನು ಅಂಥ ಕಡ್ಡಿ ಎಂದು ಇಬ್ಬರೂ ಬೆನ್ನು ಬಿದ್ದರು. ಐವತ್ತು ವರ್ಷ ನನ್ನ ಅಕ್ಕನ ಹೊರತು ಯಾರಿಗೂ ಹೇಳದಿದ್ದ ಮಾತನ್ನು ಅವತ್ತು ಅಡುಗೆಮನೆಯ ನೆಲದ ಮೇಲೆ ಕುಳಿತು ಅವರಿಗೆ ಹೇಳಿದೆ. ಒಮ್ಮೆ ಹೇಳಿದ ಮೇಲೆ ಇನ್ನೊಮ್ಮೆ ಹೇಳಲು ಅಷ್ಟು ಕಷ್ಟವಿಲ್ಲ. ನೀವೂ ಕೇಳಿ.

ನನಗಾಗ ಒಂಬತ್ತು ವರ್ಷ. ಅಪ್ಪ, ಅಮ್ಮ, ಅಕ್ಕ ಮತ್ತು ನಾನು ಮೈಸೂರು ಬಿಟ್ಟು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಅಪ್ಪ ಎಲೆಕ್ಟ್ರಿಕಲ್ ಕೆಲಸ ಬಲ್ಲವರು. ಅವರಿಗೆ ಅಲ್ಲಿ ಸಿಕ್ಕ ಕೆಲಸವೇ ವಿಚಿತ್ರವಾಗಿತ್ತು. ಹೈ ಅಲೈ ಎನ್ನುವ ಆಟ ಆಡುವ ದೊಡ್ಡ ಕಟ್ಟಡದಲ್ಲಿ ಅಂಕಗಳ ಫಲಕವನ್ನು ನೋಡಿಕೊಳ್ಳುವುದು. ಗೋಡೆಯಷ್ಟು ಅಗಲದ ಫಲಕ, ಅದರ ತುಂಬ ಪುಟ್ಟ ಪುಟ್ಟ ಬಲ್ಬುಗಳು. ದಿನವೂ ಒಂದಷ್ಟು ಸುಟ್ಟುಹೋಗುತ್ತಿದ್ದವು, ಅಪ್ಪ ಏಣಿ ಹತ್ತಿ ಬದಲಾಯಿಸುತ್ತಿದ್ದರು.

ಆಟ ನೋಡಲು ಬಂದವರು ಯಾವ ಆಟಗಾರ ಗೆಲ್ಲುತ್ತಾನೆಂದು ಪಣ ಕಟ್ಟುತ್ತಿದ್ದರು. ಹೀಗಾಗಿ ಅಮ್ಮನ ಬಾಯಲ್ಲಿ ಅದು ಜೂಜಿನ ಮನೆ. ಅವಳು ಒಂದು ದಿನವೂ ಅತ್ತ ಕಾಲಿಡಲಿಲ್ಲ. ಮೈಸೂರಿಗೆ ಕಾಗದ ಬರೆಯುವಾಗ ಅಪ್ಪ ‘ಒಂದು ದೊಡ್ಡ ಕ್ರೀಡಾ ಸಂಸ್ಥೆಯಲ್ಲಿದ್ದೇನೆ’ ಎಂದು ಬರೆಯುತ್ತಿದ್ದರು. ಅಮ್ಮ ಅದನ್ನು ಓದಿ ಮೂತಿ ತಿರುವುತ್ತಿದ್ದಳು, ಆದರೆ ಕಾಗದಕ್ಕೆ ಅಂಟು ಹಚ್ಚಿ ತಾನೇ ಅಂಚೆಗೆ ಹಾಕಿ ಬರುತ್ತಿದ್ದಳು.

ಆ ಆಟದ ಅಂಗಳ ನಮ್ಮ ಕಲ್ಯಾಣಮಂಟಪಗಳಿಗಿಂತ ಉದ್ದ. ಮುಂದೆ ಗ್ರಾನೈಟ್ ಕಲ್ಲಿನ ಗೋಡೆ, ಎಡಕ್ಕೊಂದು ಗೋಡೆ, ಹಿಂದೊಂದು ಗೋಡೆ. ಬಲಗಡೆ ಮಾತ್ರ ಗೋಡೆಯಿಲ್ಲ. ಅಲ್ಲಿ ತಂತಿಬಲೆ ಕಟ್ಟಿ, ಅದರಾಚೆ ಜನ ಕೂರುತ್ತಿದ್ದರು. ಆಟಗಾರರು ಬಲಗೈಗೆ ಹಕ್ಕಿಯ ಕೊಕ್ಕಿನಂತೆ ಬಾಗಿದ ಉದ್ದ ಬುಟ್ಟಿಯನ್ನು ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದರು. ಚೆಂಡು ದೊಡ್ಡ ನಿಂಬೆಹಣ್ಣಿನ ಗಾತ್ರದ್ದು, ಮೇಲೆ ಮೇಕೆಯ ಚರ್ಮ, ಮುಟ್ಟಿದರೆ ಕಲ್ಲು. ಗೋಡೆಗೆ ಬಡಿದು ಹಿಂದಿರುಗುವ ಚೆಂಡನ್ನು ಬುಟ್ಟಿಯಲ್ಲಿ ಹಿಡಿದು, ಹಿಡಿದ ರಭಸದಲ್ಲೇ ಮತ್ತೆ ಗೋಡೆಗೆ ಬೀಸಬೇಕು. ಚೆಂಡು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಕಲ್ಲಿಗೆ ಬಡಿದ ‘ಠಳ್’ ಎನ್ನುವ ಸದ್ದು ಕೇಳಿದ ಮೇಲೆ, ಓಹೋ ಹೋಯಿತು ಎಂದುಕೊಳ್ಳಬೇಕು.

ಆಟದ ಹೊತ್ತಿನಲ್ಲಿ ಮಕ್ಕಳನ್ನು ಜನರ ನಡುವೆ ಬಿಡುತ್ತಿರಲಿಲ್ಲ. ಆದರೆ ರಜಾದಿನಗಳ ಬೆಳಿಗ್ಗೆ ಅಪ್ಪ ಬಲ್ಬು ನೋಡಲು ಹೋಗುವಾಗ ನಾನು ಹಟ ಹಿಡಿದು ಕಾರು ಹತ್ತುತ್ತಿದ್ದೆ. ಅಪ್ಪ ನನ್ನನ್ನು ಅಂಗಳದ ಪಕ್ಕದ ಒಂದು ಕೋಣೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಅದು ಬುಟ್ಟಿ ಹೆಣೆಯುವ, ರಿಪೇರಿ ಮಾಡುವ ಕೋಣೆ. ಅದರ ಒಡೆಯ ಒಬ್ಬ ಮುದುಕ. ಅವರ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ನಾನು ಬುಟ್ಟಿತಾತ ಎನ್ನುತ್ತಿದ್ದೆ. ಅದರ ಅರ್ಥ ಹೇಳಿದ ಮೇಲೆ ಅವರಿಗೂ ಅದೇ ಹೆಸರು ಇಷ್ಟವಾಯಿತು.

ಆ ಕೋಣೆಯ ವಾಸನೆ ನನಗೆ ಈಗಲೂ ನೆನಪಿದೆ. ನೆನೆಸಿದ ಬೆತ್ತ, ಹೊಸ ಮರದ ಸಿಬಿರು, ಅಂಟು, ತಾತನ ಕಪ್ಪು ಕಾಫಿ. ಬುಟ್ಟಿಯ ಚೌಕಟ್ಟು ಒಂದು ಜಾತಿಯ ಮರದ್ದು, ಹೆಣಿಗೆ ಮಾತ್ರ ತೆಳ್ಳಗೆ ಸೀಳಿದ ಬೆತ್ತದಂಥ ಕಡ್ಡಿಯದು. ಕಡ್ಡಿಯಲ್ಲಿ ಸದಾ ಸ್ವಲ್ಪ ತೇವ ಇರಬೇಕು. ಒಣಗಿದರೆ ಹಪ್ಪಳವಾಗುತ್ತದೆ, ಚೆಂಡು ಬಿದ್ದೊಡನೆ ಸೀಳುತ್ತದೆ. ಆದ್ದರಿಂದ ತಾತ ರಿಪೇರಿ ಮುಗಿದ ಪ್ರತಿ ಬುಟ್ಟಿಯನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಹಾಲುಗಲ್ಲದ ಕೂಸನ್ನು ಮಲಗಿಸಿದಂತೆ ಅಷ್ಟು ಜೋಪಾನ. ಬಟ್ಟೆ ಯಾಕೆ ಒದ್ದೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳಬೇಕಿತ್ತು.

ತಾತನ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನದೂ ಅಷ್ಟಕ್ಕಷ್ಟೆ. ಆದರೂ ನಮ್ಮಿಬ್ಬರ ಮಾತು ನಿಲ್ಲುತ್ತಿರಲಿಲ್ಲ. ಅವರು ಬಾಸ್ಕ್ ಜನರ ನಾಡಿನವರು, ಸ್ಪೇನ್ ದೇಶದ ಬೆಟ್ಟಗಳ ಕಡೆ. ಅಲ್ಲಿಯ ಹಳ್ಳಿಗಳಲ್ಲಿ ಈ ಆಟವನ್ನು ಹಬ್ಬದ ದಿನ ಚರ್ಚಿನ ಗೋಡೆಗೆ ಆಡುತ್ತಿದ್ದರಂತೆ. ಹೈ ಅಲೈ ಎಂದರೆ ಅವರ ಭಾಷೆಯಲ್ಲಿ ಸಂತೋಷದ ಹಬ್ಬ ಎಂದೇ ಅರ್ಥ. ಆಮೇಲೆ ಯಾರೋ ಅದನ್ನು ಟಿಕೆಟ್ಟಿನ ಆಟ ಮಾಡಿದರು, ಹಡಗಿನಲ್ಲಿ ಆಟಗಾರರನ್ನು ದೂರದ ಊರುಗಳಿಗೆ ಕರೆದೊಯ್ದರು. ಆಟಗಾರರು ಹೋದಲ್ಲಿಗೆ ಬುಟ್ಟಿ ಹೆಣೆಯುವವರೂ ಹೋಗಬೇಕಲ್ಲ. ತಾತ ಹುಡುಗರಾಗಿದ್ದಾಗಲೇ ಹಡಗು ಹತ್ತಿದರು.

ಮೊದಲು ಶಾಂಘೈ. ಅಲ್ಲಿ ಯುದ್ಧ ಬಂತು, ಬಾಗಿಲು ಮುಚ್ಚಿತು. ಆಮೇಲೆ ಮನಿಲಾ, ಆಮೇಲೆ ಹವಾನಾ. ಹವಾನಾದಲ್ಲಿ ಸರಕಾರ ಬದಲಾಯಿತು, ಅಲ್ಲೂ ಮುಚ್ಚಿತು. ಮುಚ್ಚಿದಾಗಲೆಲ್ಲ ತಾತ ತಮ್ಮ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಇನ್ನೊಂದು ಊರಿಗೆ ಹೋಗುತ್ತಿದ್ದರು. ಫ್ಲಾರಿಡಾದಲ್ಲಿ ಹಲವು ವರ್ಷ ಇದ್ದು ಕನೆಕ್ಟಿಕಟ್ಟಿಗೆ ಬಂದಿದ್ದರು. ಅಷ್ಟು ಊರು ತಿರುಗಿದರೂ ತಾವು ಹೆಣೆದ ಒಂದು ಬುಟ್ಟಿಯೂ ಆಟದ ನಡುವೆ ಒಣಗಿ ಒಡೆದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದರು. ಅವರ ಹತ್ತಿರ ಇದ್ದ ಆಸ್ತಿ ಅದೊಂದೇ.

ನಾನು ಎಡಚಿ. ಅಮ್ಮ ಎಡಗೈಯಲ್ಲಿ ತುತ್ತೆತ್ತಿದರೆ ಕೈಗೊಂದು ಏಟು ಕೊಡುತ್ತಿದ್ದಳು. ಬುಟ್ಟಿತಾತನೂ ನಾನು ಎಡಗೈಯಲ್ಲಿ ಪೆನ್ಸಿಲ್ ಹಿಡಿದದ್ದನ್ನು ನೋಡಿ ತಲೆಯಾಡಿಸಿದರು. ಬಲಗಡೆ ಗೋಡೆಯೇ ಇಲ್ಲದ ಮೇಲೆ ಈ ಆಟ ಎಡಗೈಯವರಿಗಲ್ಲ, ಜಗತ್ತಿನಲ್ಲೇ ಎಡಗೈ ಬುಟ್ಟಿ ಎನ್ನುವುದೇ ಇಲ್ಲ ಎಂದರು. ನಾನು ಮುಖ ಊದಿಸಿಕೊಂಡೆ. ಅವರು ನನ್ನ ಕೆನ್ನೆಗೆ ಒಂದು ಒದ್ದೆ ಕಡ್ಡಿ ತಾಗಿಸಿ ನಗಿಸಿದರು.

ಆಟಗಾರರಲ್ಲಿ ನನಗೆ ಇಷ್ಟವಾದವನು ಒಬ್ಬ ಉದ್ದನೆಯ ಹುಡುಗ. ಇಪ್ಪತ್ತು ವರ್ಷ ಇದ್ದೀತು. ಅವನನ್ನು ನಾನೂ ಅಕ್ಕನೂ ಉದ್ದಣ್ಣ ಎನ್ನುತ್ತಿದ್ದೆವು. ಅವನು ಮನೆಯವರನ್ನೆಲ್ಲ ಬಿಟ್ಟು ಒಬ್ಬನೇ ಬಂದಿದ್ದ. ಕೋಣೆಗೆ ಬಂದಾಗ ನನ್ನ ಜಡೆ ಎಳೆದು ಓಡುತ್ತಿದ್ದ. ಅವನ ಮೆಚ್ಚಿನ ಬುಟ್ಟಿಯ ಅಂಚು ಆ ಅಕ್ಟೋಬರಿನಲ್ಲಿ ಸವೆದಿತ್ತು. ಶನಿವಾರ ಬೆಳಿಗ್ಗೆ ತಾತ ಅದಕ್ಕೆ ಹೊಸ ಕಡ್ಡಿ ಹಾಕಿ, ಬಟ್ಟೆ ನೆನೆಸಿ ಹಿಂಡಿ, ಸುತ್ತಿ, ಪೆಟ್ಟಿಗೆಯಲ್ಲಿಟ್ಟರು. ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು ಕಣ್ಣಾರೆ ನೋಡಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಮರುದಿನ ನಮ್ಮ ಮನೆಯಲ್ಲಿ ಆಯುಧ ಪೂಜೆ. ಪಂಚಾಂಗದಲ್ಲಿ ಯಾವ ದಿನವಿದ್ದರೂ ಅಲ್ಲಿ ನಮ್ಮ ಹಬ್ಬಗಳೆಲ್ಲ ಭಾನುವಾರವೇ. ಅಪ್ಪನ ಸ್ಕ್ರೂಡ್ರೈವರು, ಇಕ್ಕಳ, ಅಮ್ಮನ ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ಪೂಜೆ. ಹಾಗಾದರೆ ಉದ್ದಣ್ಣನ ಆಯುಧಕ್ಕೆ ಪೂಜೆ ಮಾಡುವವರು ಯಾರು ಎಂದು ನನಗೆ ಚಿಂತೆಯಾಯಿತು. ಅವನಿಗೆ ಇಲ್ಲಿ ಅಮ್ಮನೂ ಇಲ್ಲ, ಅಕ್ಕನೂ ಇಲ್ಲ. ಒಂದು ದಿನ ದೇವರ ಮುಂದಿಟ್ಟು ಕುಂಕುಮ ಹಚ್ಚಿದರೆ ಆ ವರ್ಷವೆಲ್ಲ ಅವನೇ ಗೆಲ್ಲುತ್ತಾನೆ ಎಂದು ನನ್ನ ನಂಬಿಕೆ. ಕೇಳಿದರೆ ತಾತ ಕೊಡುವುದಿಲ್ಲ ಎಂದೂ ಗೊತ್ತಿತ್ತು, ಯಾಕೆಂದರೆ ಆ ಬುಟ್ಟಿಗಳನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಉದ್ದಣ್ಣನಿಗೆ ಸೋಮವಾರದವರೆಗೆ ಆಟವಿರಲಿಲ್ಲ, ಅಲ್ಲಿಯವರೆಗೆ ಅದನ್ನು ಯಾರೂ ಹುಡುಕುವುದಿಲ್ಲ. ಆ ಶನಿವಾರವೇ ತಾತ ಕಾಫಿ ತರಲು ಹೊರಗೆ ಹೋದರು. ನಾನು ಬುಟ್ಟಿಯನ್ನು ಬಟ್ಟೆಸಮೇತ ತೆಗೆದು, ಅಪ್ಪ ಮನೆಗೊಯ್ಯಲು ಎತ್ತಿಟ್ಟಿದ್ದ ಟ್ಯೂಬ್‌ಲೈಟಿನ ಉದ್ದ ರಟ್ಟಿನ ಪೆಟ್ಟಿಗೆಯೊಳಗೆ ತೂರಿಸಿದೆ. ಖಾಲಿ ರಟ್ಟಿನ ಮೇಲೆ ಚಿತ್ರ ಬಿಡಿಸುವುದು ನನ್ನ ಅಭ್ಯಾಸ. ಆದ್ದರಿಂದ ಅಪ್ಪ ಏನೂ ಕೇಳದೆ ಅದನ್ನು ಕಾರಿನಲ್ಲಿಟ್ಟರು.

ನಾನೂ ಅಕ್ಕನೂ ನಮ್ಮ ಕೋಣೆಯಲ್ಲಿ ಬೇರೆಯೇ ಒಂದು ಪುಟ್ಟ ಪೂಜೆ ಮಾಡುವುದು ಅಮ್ಮನಿಗೆ ಗೊತ್ತಿತ್ತು. ಕಿಟಕಿಯ ಕೆಳಗಿನ ಹಲಗೆಯ ಮೇಲೆ ನಮ್ಮ ಪುಸ್ತಕ, ಕಂಪಾಸ್ ಪೆಟ್ಟಿಗೆ, ಅಕ್ಕನ ಚಕ್ರದ ಬೂಟು ಇಟ್ಟು, ನಡುವೆ ಬುಟ್ಟಿಯನ್ನಿಟ್ಟೆ. ಅದಕ್ಕೆ ಸುತ್ತಿದ್ದ ಬಟ್ಟೆ ಹಳೆಯದು, ಮುಗ್ಗಲು ವಾಸನೆ. ಇಂಥ ಮೈಲಿಗೆ ಬಟ್ಟೆ ದೇವರ ಮುಂದೆ ಸಲ್ಲದು ಎಂದು ತೆಗೆದು ಹಾಕಿದೆ. ಒಗೆದ ಟವೆಲಿನಿಂದ ಬುಟ್ಟಿಯನ್ನು ಒಂದು ಹನಿಯೂ ಉಳಿಯದಂತೆ ಒರೆಸಿದೆ. ತುದಿಗೆ ಕುಂಕುಮದ ಬೊಟ್ಟು ಇಟ್ಟು ಕೈಮುಗಿದೆ. ಆ ಹಲಗೆಯ ಕೆಳಗೇ ಹೀಟರ್. ಆ ವಾರ ಚಳಿ ಜೋರಾಗಿದ್ದರಿಂದ ಅದನ್ನು ಹೊತ್ತಿಸಿದ್ದರು. ಹಲಗೆ ಬೆಚ್ಚಗಿರುವುದು ಒಳ್ಳೆಯದೇ ಎಂದುಕೊಂಡೆ.

ಅಮ್ಮ ಆರತಿ ತಂದಾಗ ಅದೇನು ಎಂದು ಕೇಳಿದಳು. ಬುಟ್ಟಿ ಎಲ್ಲಿಯದೆಂದು ಗೊತ್ತಿದ್ದ ಅಕ್ಕ, ಸ್ಕೂಲಿನ ಕ್ರಾಫ್ಟ್ ಎಂದಳು. ಅಮ್ಮ ಅದಕ್ಕೂ ಒಂದು ಸೇವಂತಿಗೆ ಏರಿಸಿದಳು. ಹೊರಗೆ ಅಪ್ಪ ಕಾರಿನ ಮುಂದೆ ಕಿತ್ತಳೆ ಬಣ್ಣದ ದೊಡ್ಡ ಕುಂಬಳಕಾಯಿ ಒಡೆದರು. ಅಲ್ಲಿ ಬೂದುಗುಂಬಳ ಎಲ್ಲಿಂದ ಬರಬೇಕು? ಪಕ್ಕದ ಮನೆಯವರು ಪರದೆ ಸರಿಸಿ ನೋಡಿ, ಈ ಮನುಷ್ಯನಿಗೆ ಕುಂಬಳಕಾಯಿಯ ಮೇಲೇನು ಸಿಟ್ಟು ಎಂಬಂತೆ ನಿಂತಿದ್ದರು. ಆ ರಾತ್ರಿ ನಾನು ತುಂಬ ಸುಖವಾಗಿ ನಿದ್ದೆ ಮಾಡಿದೆ. ಪೂಜೆಗಿಟ್ಟ ವಸ್ತುವನ್ನು ಮರುದಿನದವರೆಗೆ ಮುಟ್ಟಬಾರದು, ಆದ್ದರಿಂದ ಬುಟ್ಟಿ ಅಲ್ಲೇ ಇತ್ತು.

ಸೋಮವಾರ ಅಲ್ಲಿ ಯಾವುದೋ ರಜೆ. ಮಧ್ಯಾಹ್ನವೇ ಆಟವಿತ್ತು. ಬೆಳಿಗ್ಗೆ ನಾನು ಬುಟ್ಟಿಯ ಕುಂಕುಮ ಒರೆಸಿ, ಆ ಹಳೆಯ ಬಟ್ಟೆಯನ್ನು ನಲ್ಲಿಯಲ್ಲಿ ನೆನೆಸಿ, ಮೊದಲಿನಂತೆಯೇ ಸುತ್ತಿ, ಅದೇ ರಟ್ಟಿನ ಪೆಟ್ಟಿಗೆಯಲ್ಲಿ ಕೊಂಡೊಯ್ದು ತಾತನ ಪೆಟ್ಟಿಗೆಯೊಳಗೆ ಮಲಗಿಸಿದೆ. ತಾತ ಬಂದಾಗ ಎಲ್ಲ ಇದ್ದಲ್ಲೇ ಇತ್ತು. ಅವರು ಬಟ್ಟೆ ಮುಟ್ಟಿ ನೋಡಿದರು. ಒದ್ದೆಯಿತ್ತು. ಉದ್ದಣ್ಣ ಬಂದು ಬುಟ್ಟಿ ತೆಗೆದುಕೊಂಡು, ನನ್ನ ಜಡೆ ಎಳೆದು ಹೋದ. ನನಗೆ ಹೆಮ್ಮೆಯೋ ಹೆಮ್ಮೆ.

ಕೋಣೆಯಿಂದ ಅಂಗಳಕ್ಕೆ ಒಂದು ಸಣ್ಣ ಬಾಗಿಲಿತ್ತು, ಪಕ್ಕದಲ್ಲೇ ತಂತಿಬಲೆಯ ಕಿಂಡಿ. ಅಪ್ಪನ ಕೆಲಸ ಮುಗಿದಿರಲಿಲ್ಲ. ನಾನು ಕಿಂಡಿಗೆ ಮೂಗು ಒತ್ತಿಕೊಂಡು ನಿಂತೆ. ಮೊದಲ ಮೂರು ಹೊಡೆತ ಸರಿಯಾಗಿಯೇ ಹೋದವು. ನಾಲ್ಕನೆಯ ಸಲ ಉದ್ದಣ್ಣ ಹಿಂಗೋಡೆಯ ಹತ್ತಿರ ಓಡಿ, ಎರಡೂ ಕೈಯಿಂದ ಬುಟ್ಟಿ ಹಿಡಿದು, ಬೆನ್ನು ತಿರುಗಿಸಿ ಚೆಂಡಿಗೆ ಒಡ್ಡಿದ. ಆಗ ಬಂದ ಸದ್ದು ಕಲ್ಲಿನದಲ್ಲ. ಒಣ ಕಟ್ಟಿಗೆ ಮುರಿದ ಸದ್ದು. ಬುಟ್ಟಿಯ ತುದಿ ಸೀಳಿ ಚೂರುಗಳು ಹಾರಿದವು. ಚೆಂಡು ಅದರೊಳಗಿಂದಲೇ ತೂರಿ ಅವನ ಎಡಗೈ ಮಣಿಕಟ್ಟಿಗೆ ಬಡಿಯಿತು. ಅವನು ನೆಲಕ್ಕೆ ಕುಳಿತು ಕೈಯನ್ನು ಹೊಟ್ಟೆಗೆ ಒತ್ತಿಕೊಂಡ.

ತಾತ ಕತ್ತರಿ ಹಿಡಿದು ಓಡಿದರು, ಬಲಗೈಗೆ ಕಟ್ಟಿದ್ದ ಪಟ್ಟಿಯನ್ನು ಕತ್ತರಿಸಿದರು. ಅವರ ಹಿಂದೆ ನಾನೂ ಬಾಗಿಲು ದಾಟಿದ್ದೆ. ಉದ್ದಣ್ಣನನ್ನು ಇಬ್ಬರು ಹಿಡಿದು ಕರೆದೊಯ್ಯುತ್ತಿದ್ದರು. ನನ್ನ ಕಾಲ ಬಳಿ ಬುಟ್ಟಿಯ ತುದಿಯ ಒಂದು ಚೂರು ಬಿದ್ದಿತ್ತು. ಹೆಣಿಗೆಯ ಸಂದಿಯಲ್ಲಿ ನಾನು ಒರೆಸಿದರೂ ಹೋಗದಿದ್ದ ಕುಂಕುಮ ಕೆಂಪಗೆ ಉಳಿದಿತ್ತು. ಯಾರಾದರೂ ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು ನನಗೆ ಅನ್ನಿಸಿತು. ಆ ಊರಿನಲ್ಲಿ ಹಣೆಗೆ ಕುಂಕುಮ ಇಡುತ್ತಿದ್ದವರು ನಾವು ಮಾತ್ರ. ಬಗ್ಗಿ ಎತ್ತಿಕೊಂಡು ಫ್ರಾಕಿನ ಜೇಬಿಗೆ ಹಾಕಿಕೊಂಡೆ. ಉದ್ದಣ್ಣನಿಗೆ ಎಷ್ಟು ನೋವಾಗಿದೆ ಎಂದು ನಾನು ಆಮೇಲೆ ಯೋಚಿಸಿದೆ. ಮೊದಲು ಮಾಡಿದ್ದು ಇದು.

ಸ್ವಲ್ಪ ಹೊತ್ತಿನಲ್ಲಿ ಮ್ಯಾನೇಜರ್ ಕೋಣೆಗೆ ಬಂದರು. ಮುರಿದ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಕಡ್ಡಿಯನ್ನು ಬೆರಳಿನಿಂದ ಮುರಿದು ತೋರಿಸಿದರು. ಪಟಕ್ಕನೆ ಮುರಿಯಿತು. ಇದಕ್ಕೆ ನೀರು ತೋರಿಸಿ ಎಷ್ಟು ದಿನವಾಯಿತು ಎಂದು ಕೇಳಿದರು. ಶನಿವಾರ ಎಂದರು ತಾತ. ಶನಿವಾರ ಒದ್ದೆ ಬಟ್ಟೆ ಸುತ್ತಿಟ್ಟ ಬುಟ್ಟಿ ಸೋಮವಾರಕ್ಕೆ ಹೀಗಾಗಲು ಸಾಧ್ಯವೇ ಎಂದು ಮ್ಯಾನೇಜರ್ ಕೇಳಿದರು. ಸಾಧ್ಯವಿಲ್ಲ ಎಂದು ತಾತನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮ್ಯಾನೇಜರ್ ಕೂಗಾಡಲಿಲ್ಲ. ವಯಸ್ಸಾಯಿತು ಬಿಡಿ ಎಂಬಂತೆ ಅವರ ಭುಜ ತಟ್ಟಿ ಹೋದರು. ಕೂಗಾಡಿದ್ದರೇ ಚೆನ್ನಾಗಿತ್ತು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ತಾತ ಬೆಂಚಿನ ಮೇಲೆ ಕುಳಿತು ಆ ಹಳೆಯ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತ, ಬಿಡುತ್ತ ಇದ್ದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು.

“ಶನಿವಾರ ನೀನು ಇಲ್ಲೇ ಕೂತಿದ್ದೆಯಲ್ಲ ಮಗು,” ಎಂದರು. “ನಾನು ಬಟ್ಟೆ ನೆನೆಸಿ ಸುತ್ತಿದ್ದನ್ನು ನೋಡಿದೆಯಾ?”

ಜಗತ್ತಿನಲ್ಲಿ ಅದನ್ನು ನೋಡಿದವಳು ನಾನೊಬ್ಬಳೇ. ಹೌದು ಎನ್ನುವ ಒಂದು ಮಾತು ಸಾಕಾಗಿತ್ತು. ಆದರೆ ಹೌದು ಎಂದರೆ, ಹಾಗಾದರೆ ಹೇಗೆ ಒಣಗಿತು ಎಂದು ಕೇಳುತ್ತಾರಲ್ಲ. ಜೇಬಿನೊಳಗೆ ಚೂರು ಬೆರಳಿಗೆ ಚುಚ್ಚುತ್ತಿತ್ತು.

“ನೋಡ್ಲಿಲ್ಲ,” ಎಂದೆ.

ತಾತ ತಲೆಯಾಡಿಸಿದರು. ಹಾಗಾದರೆ ಶನಿವಾರ ಮರೆತಿದ್ದೇನೆ, ಬಟ್ಟೆ ನೆನೆಸಿದ್ದು ಇವತ್ತು ಬೆಳಿಗ್ಗೆಯೇ ಇರಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ಇಂಗ್ಲಿಷಿನಲ್ಲಿ ಒಮ್ಮೆ, ಅವರ ಭಾಷೆಯಲ್ಲಿ ಒಮ್ಮೆ. ಆಮೇಲೆ ಎದ್ದು, ಪೆಟ್ಟಿಗೆಯಲ್ಲಿದ್ದ ಬೇರೆ ಬುಟ್ಟಿಗಳನ್ನೆಲ್ಲ ಹೊರಗೆ ತೆಗೆದು, ಒಂದೊಂದನ್ನೇ ಮುಟ್ಟಿ ನೋಡತೊಡಗಿದರು.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿ ಅತ್ತೆ. ಅಕ್ಕನಿಗೆ ಹದಿನಾಲ್ಕು ವರ್ಷ. ನನಗೆ ಅವಳ ಮಾತೇ ವೇದ. ಅವಳು ಎದ್ದು ಕೋಣೆಯ ಬಾಗಿಲು ಹಾಕಿದಳು.

“ತುಟಿ ಬಿಚ್ಬೇಡ,” ಎಂದಳು. “ಗೊತ್ತಾದ್ರೆ ಅಪ್ಪನ ಕೆಲಸ ಹೋಗತ್ತೆ. ನಾವೆಲ್ಲ ವಾಪಸ್ ಹೋಗ್ಬೇಕಾಗತ್ತೆ.”

ಅದು ನಿಜವಿತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ. ಅಕ್ಕನ ಮೇಲೆ ಭಾರ ಹಾಕಿ ತಪ್ಪಿಸಿಕೊಳ್ಳುವುದು ನನಗೆ ಇಷ್ಟವಿಲ್ಲ. ಅವಳು ಹೇಳುವ ಮೊದಲೇ ನಾನು ಸುಳ್ಳು ಹೇಳಿಯಾಗಿತ್ತು.

ಉದ್ದಣ್ಣನ ಕೈ ಮೂಳೆ ಕೂಡಿಕೊಂಡಿತು. ಕೆಲವು ತಿಂಗಳಾದ ಮೇಲೆ ಅವನು ಮತ್ತೆ ಆಡಿದ. ತಾತ ಮಾತ್ರ ಮೊದಲಿನಂತಾಗಲಿಲ್ಲ. ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದರು, ನೆನೆಸಿದಾಗಲೆಲ್ಲ ಒಂದು ಗೆರೆ. ಆಮೇಲೆ ಗೆರೆ ಎಳೆದೆನೋ ಇಲ್ಲವೋ ಎಂದು ಅನುಮಾನ ಪಡುತ್ತಿದ್ದರು. ಬಂದವರನ್ನೆಲ್ಲ ಕೇಳುತ್ತಿದ್ದರು. ಒಮ್ಮೆ ಸುತ್ತಿದ ಬುಟ್ಟಿಯನ್ನು ಬಿಚ್ಚಿ ಇನ್ನೊಮ್ಮೆ ಸುತ್ತುತ್ತಿದ್ದರು. ಅತಿಯಾಗಿ ನೆನೆದ ಬುಟ್ಟಿ ಭಾರವಾಗುತ್ತದೆ ಎಂದು ಆಟಗಾರರು ಗೊಣಗಿದರು. ತಾತನ ಕೈಗೆ ಏನೂ ಆಗಿರ‍ಲಿಲ್ಲ, ಹೆಣಿಗೆ ಮೊದಲಿನಷ್ಟೇ ಚೆಂದ. ಕೈಯನ್ನು ನಂಬುವ ಧೈರ್ಯ ಹೋಗಿತ್ತು. ಕ್ರಿಸ್ಮಸ್ಸಿಗೆ ಮೊದಲು ಕೆಲಸ ಬಿಟ್ಟು, ತಮ್ಮ ನಾಡಿನಲ್ಲಿದ್ದ ಮಗಳ ಮನೆಗೆ ಹೊರಟರು. ಶಾಂಘೈ, ಹವಾನಾಗಳಲ್ಲಿ ಬಾಗಿಲು ಮುಚ್ಚಿದಾಗಲೂ ಇನ್ನೊಂದು ಊರು ಹುಡುಕಿಕೊಂಡವರು, ಈ ಸಲ ಊರು ಹುಡುಕಲಿಲ್ಲ.

ಹೊರಡುವ ಹಿಂದಿನ ದಿನ ಅಪ್ಪನ ಕೈಯಲ್ಲಿ ನನಗೊಂದು ಪೊಟ್ಟಣ ಕಳಿಸಿದ್ದರು. ಬಿಚ್ಚಿದರೆ ಒಂದು ಪುಟ್ಟ ಬುಟ್ಟಿ. ಕೊಕ್ಕಿನಂತೆ ಬಾಗಿದ್ದು, ಒಳಗೆ ಬೆರಳು ತೂರಿಸಲು ಚರ್ಮದ ಗ್ಲೌಸು, ಕಟ್ಟಿಕೊಳ್ಳಲು ಪಟ್ಟಿ. ಬಲಗೈಗೆ ಹಾಕಿದೆ, ಹಿಡಿಸಲಿಲ್ಲ. ಅದನ್ನು ಎಡಗೈಗೆಂದು ಹೆಣೆದಿದ್ದರು. ಅಮ್ಮ ಎಷ್ಟು ಒಳ್ಳೆಯ ಮನುಷ್ಯ ಎಂದಳು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಬುಟ್ಟಿ ಹಿಡಿದು ನಾನು ಒಂದು ದಿನವೂ ಆಡಲಿಲ್ಲ. ಕಣ್ಣಿಗೆ ಬಿದ್ದರೆ ಸಂಕಟವಾಗುತ್ತಿತ್ತು. ಮೂರು ವರ್ಷದ ನಂತರ ನಾವು ಮೈಸೂರಿಗೆ ಮರಳುವಾಗ ಬೇಕೆಂದೇ ಆ ಮನೆಯ ಅಟ್ಟದಲ್ಲಿ ಬಿಟ್ಟು ಬಂದೆ. ತಾತ ಪ್ರೀತಿಯಿಂದ ಕೊಟ್ಟದ್ದನ್ನು ಬಿಟ್ಟೆ, ನಾನು ಬಚ್ಚಿಟ್ಟ ಚೂರನ್ನು ಉಳಿಸಿಕೊಂಡೆ. ಅಂದಿನಿಂದ ಪ್ರತಿ ಆಯುಧ ಪೂಜೆಗೂ ಅದನ್ನು ತಟ್ಟೆಯ ಮೂಲೆಯಲ್ಲಿ ಇಡುತ್ತೇನೆ. ಯಾರಾದರೂ ಕೇಳಿದರೆ ಅಪ್ಪನ ಕಾಲದ್ದು ಎನ್ನುತ್ತಿದ್ದೆ.

ಆ ಆಟವೂ ಹೆಚ್ಚು ದಿನ ಉಳಿಯಲಿಲ್ಲ. ಕೆಲವು ವರ್ಷಗಳಲ್ಲಿ ಆಟಗಾರರು ಮುಷ್ಕರ ಹೂಡಿದರು. ಲಾಟರಿ, ಕ್ಯಾಸಿನೊಗಳು ಬಂದು ಜನ ಅತ್ತ ಹೋದರು. ಅಂಗಳಗಳು ಒಂದೊಂದಾಗಿ ಮುಚ್ಚಿದವು. ಹೋದ ವಾರ ಮೊಮ್ಮಗ ತನ್ನ ಅಮ್ಮನ ಫೋನಿನಲ್ಲಿ ಆ ಊರಿನ ನಕ್ಷೆ ತೆಗೆದು, ಆ ಕಟ್ಟಡ ಇದ್ದ ಜಾಗ ಹುಡುಕಿದ. ಅಲ್ಲಿ ಈಗ ಕಾರು ನಿಲ್ಲಿಸುವ ಬಯಲಿದೆ. ಬುಟ್ಟಿತಾತನ ಹೆಸರು ಏನು, ಅವರನ್ನೂ ಹುಡುಕೋಣ ಎಂದ. ಆ ಹೆಸರನ್ನು ನಾನು ಸರಿಯಾಗಿ ಕಲಿಯಲೇ ಇಲ್ಲವಲ್ಲ. ಕಾಗದ ಬರೆಯಬಹುದಾಗಿದ್ದ ವರ್ಷಗಳಲ್ಲಿ ನನಗೆ ಧೈರ್ಯ ಬರಲಿಲ್ಲ. ಧೈರ್ಯ ಬರುವ ಹೊತ್ತಿಗೆ ಅವರು ಬದುಕಿರಬಹುದಾದ ವಯಸ್ಸು ದಾಟಿತ್ತು.

ನನ್ನ ಮೊಮ್ಮಕ್ಕಳ ಜಗತ್ತು ಬೇರೆ. ಇಲ್ಲಿ ಕುಂಬಳಕಾಯಿಯನ್ನು ಅಂಗಳದಲ್ಲಿ ಒಡೆದರೆ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಂದು ಬಾಗಿಲು ತಟ್ಟುತ್ತಾನೆ. ನಾವು ಅದನ್ನು ಅಡುಗೆಮನೆಯಲ್ಲೇ ಹೋಳು ಮಾಡಿ ಸೂಪ್ ಮಾಡುತ್ತೇವೆ. ಸೈಕಲ್ಲುಗಳ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ಅದಕ್ಕೆ ಯಾರ ತಕರಾರೂ ಇಲ್ಲ. ಮೊಮ್ಮಗಳು ಚೆಲ್ಲೊ ಎನ್ನುವ ದೊಡ್ಡ ಪಿಟೀಲು ಕಲಿಯುತ್ತಾಳೆ. ಆ ವಾದ್ಯ ಅವಳ ಸಂಗೀತ ಶಾಲೆಯದು, ಬಾಡಿಗೆಗೆ ತಂದದ್ದು. ಅದನ್ನೂ ಪೂಜೆಗಿಡು, ಕುಂಕುಮ ಹಚ್ಚೋಣ ಎಂದು ನಾನು ಉತ್ಸಾಹದಲ್ಲಿ ಹೇಳಿದೆ ನೋಡಿ. ಐವತ್ತು ವರ್ಷ ಕಳೆದರೂ ನನಗೆ ಬುದ್ಧಿ ಬಂದಿರಲಿಲ್ಲ.

“ಅದು ನಮ್ದಲ್ಲ ಅಜ್ಜಿ,” ಎಂದಳು ಅವಳು. “ಕೇಳ್ಬೇಕು.”

ತನ್ನ ಚೆಲ್ಲೊ ಟೀಚರಿಗೆ ಜರ್ಮನ್‌ನಲ್ಲಿ ಒಂದು ಸಂದೇಶ ಬರೆದಳು. ಸಂಜೆಗೆ ಉತ್ತರ ಬಂತು. ಪೂಜೆಗೆ ಖಂಡಿತ ಇಡಿ, ಮರಕ್ಕೆ ಬಣ್ಣ ಹಚ್ಚಬೇಡಿ, ದಯವಿಟ್ಟು ಹೈಟ್ಸುಂಗ್ ಹತ್ತಿರ ಇಡಬೇಡಿ, ಬಿಸಿಗೆ ಮರ ಬಿರಿಯುತ್ತದೆ ಎಂದು. ಹೈಟ್ಸುಂಗ್ ಎಂದರೆ ಇಲ್ಲಿಯ ಹೀಟರ್. ಮೊಮ್ಮಗಳು ಅದನ್ನು ನನಗೆ ಓದಿ ಹೇಳಿದಳು. ಕೇಳುವುದು ಅಷ್ಟು ಸುಲಭವಾಗಿತ್ತು. ಕೇಳಿದ್ದರೆ ತಾತನೂ ಇಷ್ಟೇ ಹೇಳುತ್ತಿದ್ದರು. ಚೆಲ್ಲೊವನ್ನು ಕೋಣೆಯ ತಣ್ಣನೆಯ ಮೂಲೆಯಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಒಂದು ಹೂವಿಟ್ಟೆವು.

ನಾನು ಕತೆ ಹೇಳಿ ಮುಗಿಸಿದ ಮರುದಿನ ಬೆಳಿಗ್ಗೆ ಇನ್ನೊಂದು ನಡೆಯಿತು. ಈಚೆಗೆ ನನಗೆ ಮರೆವು. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಳ್ಳುತ್ತೇನೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಹಿಂದಿರುಗುತ್ತೇನೆ. ಹಿಂದಿರುಗಿ ನೋಡಿದರೆ ಆರಿಸಿರುತ್ತೇನೆ. ತನ್ನ ತಲೆಯನ್ನೇ ತಾನು ನಂಬದಿರುವುದು ಎಂಥ ಕಷ್ಟ ಎಂದು ಆಗೆಲ್ಲ ಅರ್ಥವಾಗುತ್ತದೆ. ಒಂಬತ್ತು ವರ್ಷದ ನಾನು ಒಬ್ಬ ಮುದುಕನಿಗೆ ಕೊಟ್ಟದ್ದು ಇದನ್ನೇ. ಆವತ್ತು ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ನೆನಪಾಗಲಿಲ್ಲ. ಡಬ್ಬಿ ಹಿಡಿದು ನಿಂತೇ ಇದ್ದೆ. ಇನ್ನೊಂದು ನುಂಗಲು ಭಯ, ನುಂಗದಿರಲೂ ಭಯ. ಮೊಮ್ಮಗಳು ಶಾಲೆಗೆ ಹೊರಡಲು ಸೈಕಲ್ ಹೆಲ್ಮೆಟ್ ಕಟ್ಟಿಕೊಳ್ಳುತ್ತಿದ್ದಳು.

“ನಾನು ಮಾತ್ರೆ ತಗೊಂಡಿದ್ದನ್ನ ನೋಡಿದ್ಯೇನೇ?” ಎಂದು ಅವಳನ್ನು ಕೇಳಿದೆ.

ಕೇಳಿದ ಮೇಲೆ ಆ ಮಾತು ಯಾರದೆಂದು ನೆನಪಾಯಿತು. ಅವಳಿಗೂ ನೆನಪಾಗಿರಬೇಕು. ಕಟ್ಟಿದ್ದ ಹೆಲ್ಮೆಟ್ ಬಿಚ್ಚಿ ಕೆಳಗಿಟ್ಟು, ಶಾಲೆಗೆ ತಡವಾಗುತ್ತಿದ್ದರೂ, ಒಳಗೆ ಬಂದು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು.

“ನೋಡ್ದೆ ಅಜ್ಜಿ,” ಎಂದಳು. “ತಿಂಡಿ ಆದ್ಮೇಲೆ ತಗೊಂಡೆ ನೀನು. ಎರಡು ಗುಟುಕು ನೀರು ಕುಡ್ದೆ. ನಾನು ನೋಡ್ದೆ.”